ಹಳೆಯ ಜೀಪು ಕೊಳ್ಳುವ ಮುನ್ನ

ಪೆರೇಸಂದ್ರದ ಸಮೀಪದ ಹಳ್ಳಿಯೊಂದರಿಂದ ತಾಯಿಯೊಬ್ಬರು ಬರೆದ ಪತ್ರ ನಮ್ಮ ಮುಂದಿದೆ. ಅವರ ಮನೆತನಕ್ಕೆ ಆರು ಎಕರೆ ಜಮೀನು. ಎರಡು ಎಕರೆಯಲ್ಲಿ ಕೊಳವೆಬಾವಿಯ ನೀರಿಗೆ ಟೊಮ್ಯಾಟೊ, ಒಂದು ಎಕರೆಯಲ್ಲಿ ಹಿಪ್ಪುನೇರಳೆ, ಉಳಿದುದರಲ್ಲಿ ರಾಗಿ ಮತ್ತು ಕಡಲೆಕಾಯಿ. ಹೊಲಕ್ಕೆ ಹೋಗುವ ದಾರಿ ಒಂದು ಹಳ್ಳವನ್ನು ದಾಟಿ ಗುಡ್ಡದ ಬದಿಯನ್ನು ಏರುತ್ತದೆ. ಮಳೆ ಹಿಡಿದರೆ ಬಾಡಿಗೆಯ ಗೂಡ್ಸ್ ಆಟೋ ಹಳ್ಳದ ಈಚೆಗೇ ನಿಂತುಬಿಡುತ್ತದೆ. ಹಣ್ಣಿನ ಕ್ರೇಟುಗಳನ್ನು ಮನೆಮಂದಿಯೆಲ್ಲ ತಲೆಯ ಮೇಲೆ ಹೊತ್ತು ಕೆಸರಿನಲ್ಲಿ ಇಳಿಸಬೇಕಾಗುತ್ತದೆ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಹಳೆಯ ಜೀಪೊಂದನ್ನು ಕೊಂಡು, ಅದಕ್ಕೆ ಸಣ್ಣ ಟ್ರೇಲರ್ ಕಟ್ಟಿದರೆ ಈ ಬವಣೆ ತಪ್ಪುವುದೆಂದು ಅವರ ಮಗನ ಅಭಿಪ್ರಾಯ.

ಆ ತಾಯಿ ಮುಂದೆ ಬರೆದಿರುವ ಮಾತುಗಳನ್ನು ಓದುಗ ಬಂಧುಗಳ ಮುಂದೆ ಹಾಗೆಯೇ ಇಡುತ್ತೇವೆ: “ಹಣಕ್ಕೆ ನನ್ನ ನಾಲ್ಕು ಬಳೆಗಳನ್ನು ಅಡವಿಡೋಣ ಎನ್ನುತ್ತಾರೆ. ಅವು ಮಗಳ ಓದಿಗೆಂದು ಎತ್ತಿಟ್ಟವು. ಬೇಡವೆನ್ನಲು ನನಗೆ ವಿಷಯ ತಿಳಿಯದು, ಸರಿಯೆನ್ನಲು ಧೈರ್ಯ ಬಾರದು. ತಾವು ಏನು ಹೇಳುತ್ತೀರಿ?”

ಇದು ಒಂದೇ ಮನೆಯ ಪ್ರಶ್ನೆಯಲ್ಲ. ನಮ್ಮ ಬಯಲುಸೀಮೆಯ ಅನೇಕ ಒಕ್ಕಲು ಮನೆಗಳಲ್ಲಿ ಇಂದು ಇದೇ ಚರ್ಚೆ ನಡೆದಿದೆ. ಆದುದರಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳುವುದು ಉಚಿತ. ಹಲವು ವರ್ಷಗಳ ಹಿಂದೆ ನಾವೂ ಇಂತಹುದೇ ಜೀಪೊಂದನ್ನು ಕೊಂಡೆವು. ಸಂಜೆಯ ದೀಪದ ಬೆಳಕಿನಲ್ಲಿ ಕೆಂಪು ಬಣ್ಣ ಥಳಥಳಿಸುತ್ತಿತ್ತು. ಹೊಸ ಹೊದಿಕೆ, ಹೊಸ ಸೀಟು, ಅಗಲವಾದ ಟೈರು. ಮಾರುವವರು ಎಂಜಿನ್ನನ್ನು ಮೊದಲೇ ಬಿಸಿ ಮಾಡಿಟ್ಟಿದ್ದರು. ಕೆಳಗೆ ಬಗ್ಗಿ ನೋಡುವ ಬುದ್ಧಿ ನಮಗೆ ಬರಲಿಲ್ಲ. ಮೂರು ತಿಂಗಳಾದ ಮೇಲೆ ಒಂದು ದಿನ ಗೊಬ್ಬರ ತುಂಬಿದ ಟ್ರೇಲರ್ ಕಟ್ಟಿಕೊಂಡು ಇಳಿಜಾರಿನಲ್ಲಿ ಬರುವಾಗ, ಹಿಂದಿನ ಭಾರ ಜೀಪನ್ನು ನೂಕತೊಡಗಿತು. ಬ್ರೇಕು ಹಿಡಿಯಿತು, ಆದರೆ ಚಕ್ರಗಳು ಜಾರಿದವು. ಜೀಪು ಅಡ್ಡಲಾಗಿ ತಿರುಗಿ ಚರಂಡಿಗೆ ಬಿತ್ತು. ಓಡಿಸುತ್ತಿದ್ದ ಹುಡುಗನ ಕೈ ಮುರಿಯಿತು. ಎತ್ತಿ ನೋಡಿದಾಗ ಕೊಕ್ಕೆ ಕಟ್ಟಿದ ಕಡೆ ಛಾಸಿ ಸೀಳಿತ್ತು. ಹಳೆಯ ಬೆಸುಗೆಯೊಂದು ಬಣ್ಣದ ಅಡಿಯಲ್ಲಿ ಅಡಗಿತ್ತು. ಆ ವರ್ಷ ನಮ್ಮ ಕೊಟ್ಟಿಗೆಯಿಂದ ಎರಡು ಎಮ್ಮೆಗಳು ಸಂತೆಗೆ ಹೋದವು. ಎಳೆಯುವ ಬಲವನ್ನಷ್ಟೇ ಕಂಡು, ನಿಲ್ಲುವ ಬಲವನ್ನು ಮರೆತವರ ಪಾಡು ಇದು.

ಪತ್ರಕ್ಕೆ ಪತ್ರದಲ್ಲಿಯೇ ಉತ್ತರಿಸುವುದಕ್ಕಿಂತ ಕಣ್ಣಾರೆ ನೋಡುವುದು ಮೇಲೆಂದು ನಾವು ಪೆರೇಸಂದ್ರಕ್ಕೆ ಹೋದೆವು. ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಗುಡಿಬಂಡೆಗೆ ದಾರಿ ಕವಲೊಡೆಯುವ ಊರು ಇದು. ಸುತ್ತ ಕೆಂಪು ಮಣ್ಣು, ಬಂಡೆಗುಡ್ಡಗಳು, ಕೆರೆಗಳು. ಈ ಸೀಮೆಯ ಬೆಟ್ಟಗಳಲ್ಲಿ ಪಿನಾಕಿನಿ, ಚಿತ್ರಾವತಿಯಂತಹ ನದಿಗಳು ಹುಟ್ಟುತ್ತವಾದರೂ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ವರ್ಷದ ಹೆಚ್ಚು ಕಾಲ ನೆಲ ಒಣಗಿ ಗಟ್ಟಿಯಾಗಿರುತ್ತದೆ. ಕೆಲವು ವಾರ ಮಾತ್ರ ಕೆಸರು. ನಾಲ್ಕು ಚಕ್ರದ ಬಲ ಬೇಕೋ ಬೇಡವೋ ಎಂಬ ಲೆಕ್ಕ ಇಲ್ಲಿಂದಲೇ ಆರಂಭವಾಗಬೇಕು.

ಹೊಲದ ದಾರಿಯನ್ನು ನಾವು ತಂದೆ, ತಾಯಿ, ಮಗ ಮೂವರೊಡನೆ ನಡೆದೇ ನೋಡಿದೆವು. “ಈ ದಾರಿಯಲ್ಲಿ ಬಾಡಿಗೆ ಗಾಡಿ ಬಾರದ ದಿನಗಳು ವರ್ಷಕ್ಕೆ ಎಷ್ಟು?” ಎಂದು ಕೇಳಿದೆವು. ಗಂಡಸರಿಬ್ಬರೂ ಯೋಚಿಸುತ್ತ ನಿಂತರು. ತಾಯಿ ತಡಮಾಡದೆ ಹೇಳಿದರು: “ಮೂವತ್ತು, ಹೆಚ್ಚೆಂದರೆ ನಲವತ್ತು ದಿನ. ಆದರೆ ಹಣ್ಣು ಕೀಳೋದೂ ಆ ದಿನಗಳಲ್ಲೇ. ಹೋದ ಸಲ ಎರಡು ಕೊಯ್ಲು ಹೊಲದಲ್ಲೇ ಕೊಳೀತು.”

ಈ ಮಾತು ಕೇಳಿದ ಮೇಲೆ ನಮಗೆ ಜೀಪು ಆಡಂಬರವೆಂದು ತೋರಲಿಲ್ಲ. ಕಾಯಕಕ್ಕೆ ಬೇಕಾದ ಸಾಧನವೆಂದೇ ತೋರಿತು. ಕೊಯ್ಲಿನ ಕಾಲಕ್ಕೂ ಕೆಸರಿನ ಕಾಲಕ್ಕೂ ಹೀಗೆ ಗಂಟು ಬೀಳದ ಮನೆಗಳಾದರೆ, ಆ ಹಣದಲ್ಲಿ ಹಳ್ಳಕ್ಕೆ ನಾಲ್ಕು ಸಿಮೆಂಟ್ ಕೊಳವೆ ಹಾಕಿಸಿ ಮೇಲೆ ಕಲ್ಲು ಜಲ್ಲಿ ಹೊಡೆಸುವುದೇ ಜಾಣತನ. ಇದನ್ನು ಓದುಗರು ಮೊದಲೇ ತೂಗಿ ನೋಡಬೇಕು.

ಜೀಪಿನಿಂದ ಏನು ಆಗುತ್ತದೆ, ಏನು ಆಗದು ಎಂಬುದನ್ನೂ ತಿಳಿಯಬೇಕು. ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದ 1945ರಲ್ಲಿಯೇ ಅಮೆರಿಕದ ವಿಲ್ಲಿಸ್ ಕಂಪನಿಯು ಸಿಜೆ-2ಎ ಎಂಬ ಜೀಪನ್ನು ರೈತರಿಗೆಂದು ಹೊರತಂದಿತು. ಅದರಲ್ಲಿ ಉಳಬಹುದು, ಯಂತ್ರಗಳನ್ನು ತಿರುಗಿಸಬಹುದು ಎಂದು ಪ್ರಚಾರ ಮಾಡಿತು. ನಮ್ಮ ದೇಶದಲ್ಲಿ ಮಹೀಂದ್ರಾ ಕಂಪನಿಯು 1947ರಿಂದ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಆದರೆ ಉಳುಮೆಯಲ್ಲಿ ಗೆದ್ದದ್ದು ಟ್ರ್ಯಾಕ್ಟರೇ. ಉಳುಮೆ, ರೋಟವೇಟರ್, ಕೆರೆಯ ಗೋಡುಮಣ್ಣು ಸಾಗಿಸುವುದು ಇವು ಜೀಪಿನ ಕೆಲಸಗಳಲ್ಲ. ಇವಕ್ಕೆ ಗಂಟೆಯ ಲೆಕ್ಕದಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಪಡೆಯುವುದೇ ಸರಿ. ಹಣ್ಣು, ಹಾಲಿನ ಕ್ಯಾನು, ಸೊಪ್ಪು, ಗೊಬ್ಬರದ ಚೀಲ, ಪಂಪಿನ ಸಾಮಾನು, ಆಳುಕಾಳು ಇವುಗಳನ್ನು ಕೆಟ್ಟ ದಾರಿಯಲ್ಲಿ ಹೊರುವುದು ಜೀಪಿನ ಕೆಲಸ.

ಈ ವಾಹನಗಳಲ್ಲಿ ಗೇರಿನ ಪಕ್ಕದಲ್ಲಿ ಇನ್ನೊಂದು ಅಥವಾ ಇನ್ನೆರಡು ಹಿಡಿಗಳಿರುತ್ತವೆ. ಅವು ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೆಯ ಗೇರುಪೆಟ್ಟಿಗೆಗೆ ಸೇರಿದವು. ಮುಂದಿನ ಚಕ್ರಗಳಿಗೂ ಬಲ ಕೊಡುವುದು ಅದರ ಮೊದಲ ಕೆಲಸ. ಎಂಜಿನ್ನಿನ ಎಳೆತವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸಿ, ವೇಗವನ್ನು ಅಷ್ಟೇ ಪಾಲು ತಗ್ಗಿಸುವ ‘ಲೋ’ ಗೇರು ಎರಡನೆಯದು. ಭಾರ ಹೊತ್ತು ಗುಡ್ಡ ಹತ್ತುವಾಗ ಎಷ್ಟು ಉಪಯೋಗವೋ, ಇಳಿಯುವಾಗ ಅದಕ್ಕಿಂತ ಹೆಚ್ಚು. ಬ್ರೇಕಿಗೆ ಕಾಲು ಸೋಕಿಸದೆಯೇ ವಾಹನ ಆಮೆಯಂತೆ ಇಳಿಯುತ್ತದೆ. ಆದರೆ ಒಣ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರದ ಹಿಡಿಯನ್ನು ಹಾಕಬಾರದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸಬೇಕಾಗುತ್ತದೆ. ಮಣ್ಣಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರಲಾರದೆ ಗೇರುಗಳು ತಿರುಚಿ ಮುರಿಯುತ್ತವೆ.

ಈಗ ಟ್ರೇಲರಿನ ಲೆಕ್ಕ. ಇಲ್ಲಿಯೇ ನಾವು ಎಡವಿದ್ದು. ಯೂರೋಪಿನ ದೇಶಗಳಲ್ಲಿ ತನ್ನದೇ ಬ್ರೇಕಿಲ್ಲದ ಟ್ರೇಲರ್ ಸರಕೂ ಸೇರಿ 750 ಕಿಲೋ ಮೀರುವಂತಿಲ್ಲ. ಎಳೆಯುವ ವಾಹನದ ಅರ್ಧ ತೂಕವನ್ನು ಮೀರದಿರುವುದು ಕ್ಷೇಮವೆಂಬುದೂ ಬಲ್ಲವರ ಮಾತು. ಹಳೆಯ ಜೀಪಿನ ತೂಕ 1,300 ಕಿಲೋ ಎಂದಿಟ್ಟುಕೊಳ್ಳೋಣ. ಅರ್ಧವೆಂದರೆ 650. ಬರಿಯ ಟ್ರೇಲರೇ 300 ಕಿಲೋ ತೂಗಿದರೆ ಉಳಿಯುವುದು 350. 15 ಕಿಲೋ ಹಣ್ಣಿನ ಕ್ರೇಟುಗಳಾದರೆ ಇಪ್ಪತ್ತಕ್ಕೆ ನಿಲ್ಲಿಸಬೇಕು. ಜೀಪಿನೊಳಗೆ ಇನ್ನು ಹತ್ತು ಹನ್ನೆರಡು ಹಿಡಿಯುತ್ತವೆ. ಆ ಮನೆಯ ಮಗ ಒಂದೇ ಸಲಕ್ಕೆ ಟ್ರೇಲರಿನಲ್ಲಿ ನಲವತ್ತು ಕ್ರೇಟು ತರುವ ಲೆಕ್ಕ ಹಾಕಿದ್ದ. ಜೀಪು ಅದನ್ನು ಎಳೆಯುವುದರಲ್ಲಿ ಸಂಶಯವಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಲಾರದು. ಎರಡು ಸಲ ಬಂದರೆ ಅರ್ಧ ಗಂಟೆ ಹೆಚ್ಚು ಹಿಡಿದೀತು, ಅಷ್ಟೇ.

ಭಾರವನ್ನು ಟ್ರೇಲರಿನ ಅಚ್ಚಿನ ಮೇಲೆ, ಸ್ವಲ್ಪ ಮುಂದಕ್ಕೆ ಬರುವಂತೆ ಹೇರಬೇಕು. ಒಟ್ಟು ತೂಕದ ಹತ್ತನೆಯ ಒಂದು ಪಾಲು ಕೊಕ್ಕೆಯ ಮೇಲೆ ಕುಳಿತರೆ ಸರಿ. ಹಿಂದಕ್ಕೆ ಹೆಚ್ಚು ಹೇರಿದರೆ ಟ್ರೇಲರ್ ಬಾಲ ಬೀಸತೊಡಗುತ್ತದೆ. ಕೊಕ್ಕೆ ಕಳಚಿದರೂ ಟ್ರೇಲರ್ ಬೇರೆಯಾಗದಂತೆ ಎರಡು ಸರಪಳಿಗಳನ್ನು ಅಡ್ಡಲಾಗಿ ಕಟ್ಟಬೇಕು. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕೆಂಬುದನ್ನು ಮರೆಯಬಾರದು. ಹೆದ್ದಾರಿಗೆ ಇಳಿಸುವ ಮುನ್ನ ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ವಿಚಾರಿಸಿಕೊಳ್ಳಬೇಕು. ಈ ಮನೆಗಾದರೋ ಜೀಪು ಹೊಲದಿಂದ ಊರಿನವರೆಗೆ ತಂದರೆ ಸಾಕು. ಅಲ್ಲಿಂದ ಚಿಂತಾಮಣಿಯ ಮಾರುಕಟ್ಟೆಗೆ ಬಾಡಿಗೆಯ ಗಾಡಿಯೇ ಹೋಗುತ್ತದೆ.

ಯಾವ ವಾಹನ ಎಂಬ ಪ್ರಶ್ನೆಗೆ ಬರೋಣ. ಮಾರುತಿಯ ಜಿಪ್ಸಿ 1985ರಲ್ಲಿ ಬಂದದ್ದು, 1996ರಲ್ಲಿ ದೊಡ್ಡ ಎಂಜಿನ್ ಪಡೆಯಿತು. ಸುಮಾರು ಒಂದು ಟನ್ ತೂಗುವ ಹಗುರ ವಾಹನ. ಕೆಸರಿನಲ್ಲಿ ಆಡಿನಂತೆ ಹತ್ತುತ್ತದೆ. ಆದರೆ ಪೆಟ್ರೋಲ್ ಕುಡಿಯುತ್ತದೆ, ಹಗುರವಾದ್ದರಿಂದ ಭಾರ ಎಳೆಯಲು ತಕ್ಕುದಲ್ಲ. ಜಬಲ್ಪುರದ ಕಾರ್ಖಾನೆಯಲ್ಲಿ ಸೈನ್ಯಕ್ಕಾಗಿ ತಯಾರಾದ ಜೋಂಗಾದ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಸುಮಾರು ನಾಲ್ಕು ಲೀಟರಿನದು. ಬಲಕ್ಕೆ ಕೊರತೆಯಿಲ್ಲ, ಆದರೆ ಅದನ್ನು ಸಾಕುವುದು ಆನೆ ಸಾಕಿದಂತೆ. ಮಹೀಂದ್ರಾದ ಎಂಎಂ-540 ಮತ್ತು ಮೇಜರ್ ಜೀಪುಗಳಲ್ಲಿ ಪ್ಯೂಜೋ ವಿನ್ಯಾಸದ 2,112 ಸಿ.ಸಿ. ಡೀಸೆಲ್ ಎಂಜಿನ್ ಇರುತ್ತದೆ. ವೇಗ ಕಡಿಮೆ, ಸದ್ದು ಹೆಚ್ಚು. ಆದರೆ ಊರಿನ ಮೇಸ್ತ್ರಿಯೇ ಬಿಚ್ಚಿ ಜೋಡಿಸಬಲ್ಲ, ಚಿಕ್ಕಬಳ್ಳಾಪುರದಲ್ಲಿ ಸಿಗದ ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕೀತು. 2010ರಲ್ಲಿ ಬಂದ ಥಾರ್ ಮತ್ತು ನಾಲ್ಕು ಚಕ್ರದ ಬಲವುಳ್ಳ ಬೊಲೆರೊ ಕ್ಯಾಂಪರ್ ಇನ್ನೂ ಹೊಸ ಕಾಲದವು. ಕ್ಯಾಂಪರಿನಲ್ಲಿ ಹಿಂದೆಯೇ ಸರಕಿನ ತೊಟ್ಟಿಯಿರುವುದರಿಂದ ಎಷ್ಟೋ ಮನೆಗಳಿಗೆ ಟ್ರೇಲರಿನ ಅಗತ್ಯವೇ ಬೀಳದು.

ಇಲ್ಲೊಂದು ಎಚ್ಚರಿಕೆ. ಜೀಪಿನ ಆಕಾರವಿದ್ದ ಮಾತ್ರಕ್ಕೆ ನಾಲ್ಕು ಚಕ್ರದ ಬಲವಿರುವುದಿಲ್ಲ. ಮೊದಲ ತಲೆಮಾರಿನ ಥಾರ್ ಡಿಐ ಎರಡು ಚಕ್ರದ ಬಲದಲ್ಲಿಯೂ ಮಾರಾಟವಾಗಿದೆ. ಹಳೆಯ ಜೀಪುಗಳಲ್ಲಿ ಡೀಸೆಲ್ ಉಳಿತಾಯಕ್ಕೆಂದು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿ ಮೂಲೆಗೆಸೆದವರುಂಟು. ಹಿಡಿ ಇರುತ್ತದೆ, ಕೆಳಗೆ ಏನೂ ಇರುವುದಿಲ್ಲ.

ಆ ಮನೆಯವರೊಡನೆ ನಾವು ಎರಡು ಜೀಪುಗಳನ್ನು ನೋಡಿದೆವು. ಮೊದಲನೆಯದು ಹೊಸ ಬಣ್ಣ ಬಳಿದದ್ದು. ಹುಡುಗನ ಕಣ್ಣು ಅದರ ಮೇಲೆಯೇ ನೆಟ್ಟಿತು. ಗೋಣಿಚೀಲ ಹಾಸಿ ಕೆಳಗೆ ಮಲಗಿ ನೋಡುವಂತೆ ಅವನಿಗೇ ಹೇಳಿದೆವು. ಕೈಗೆ ಒಂದು ಸಣ್ಣ ಸುತ್ತಿಗೆ ಕೊಟ್ಟೆವು. ಛಾಸಿಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋದ. ಗಟ್ಟಿ ಉಕ್ಕು ಗಂಟೆಯಂತೆ ದನಿಗೊಡುತ್ತದೆ, ತುಕ್ಕು ತಿಂದದ್ದೂ ತೇಪೆ ಹಾಕಿದ್ದೂ ಮಂಕಾಗಿ ಸದ್ದು ಮಾಡುತ್ತದೆ. ಹಿಂದಿನ ಅಡ್ಡಪಟ್ಟಿಯ ಬಳಿ ಸದ್ದು ಬದಲಾಯಿತು. “ದೊಡ್ಡಪ್ಪಾ, ಇಲ್ಲಿ ವೆಲ್ಡಿಂಗ್ ಗುರುತಿದೆ,” ಎಂದ. ನಾವು ಮಾತಾಡಲಿಲ್ಲ. ಅವನೇ ಎದ್ದು ಬಂದು ಬಟ್ಟೆ ಕೊಡವಿಕೊಂಡ.

ಎರಡನೆಯದು ಬಣ್ಣ ಮಾಸಿದ ಮೇಜರ್. ಮಾಲೀಕರಿಗೆ ಹಿಂದಿನ ದಿನವೇ ಹೇಳಿ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋದೆವು. ಪರೀಕ್ಷೆಯ ಕ್ರಮವನ್ನು ಓದುಗರು ನೆನಪಿಟ್ಟುಕೊಳ್ಳುವುದು ಒಳಿತು. ತಣ್ಣನೆಯ ಎಂಜಿನ್ ಹೆಚ್ಚು ಗೋಳಿಲ್ಲದೆ ಹತ್ತಬೇಕು. ನೀಲಿ ಹೊಗೆ ಬಿಡದಿದ್ದರೆ ಎಂಜಿನ್ ಆಯಿಲ್ ಸುಡುತ್ತಿಲ್ಲವೆಂದು ತಿಳಿಯಬೇಕು. ಕಪ್ಪು ಹೊಗೆಯಾದರೆ ಇಂಜೆಕ್ಟರ್ ಅಥವಾ ಗಾಳಿಯ ಫಿಲ್ಟರಿನ ದೋಷ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಸಿಲಿಂಡರಿಗೆ ನೀರು ಸೇರುತ್ತಿರುವ ಶಂಕೆ. ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಒಳಗಿನಿಂದ ಹೊಗೆ ಬುಸುಗುಟ್ಟಿದರೆ ರಿಂಗುಗಳು ಸವೆದಿವೆ. ರೇಡಿಯೇಟರಿನ ನೀರಿನ ಮೇಲೆ ಎಣ್ಣೆಯ ಪೊರೆ ತೇಲಬಾರದು. ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗಲೇ ತೆಗೆಯಬೇಕು.

ಬಳಿಕ ವಾಹನವನ್ನು ಉತ್ತ ಹೊಲಕ್ಕೆ ಇಳಿಸಬೇಕು. ನಾಲ್ಕು ಚಕ್ರದ ಹಿಡಿಯನ್ನೂ ಲೋ ಗೇರನ್ನೂ ಹಾಕಿ, ದಿಬ್ಬದ ಮೇಲೆ ಹತ್ತಿಸಿ ಇಳಿಸಬೇಕು. ಮುಂದಿನ ಚಕ್ರಗಳಲ್ಲಿ ಹಬ್ ಲಾಕ್ ಇದ್ದರೆ ಮೊದಲು ಅವನ್ನು ತಿರುಗಿಸಿರಬೇಕು. ಭಾರ ಬಿದ್ದಾಗ ಹಿಡಿ ತಾನಾಗಿ ಕಳಚಿಕೊಂಡರೆ ಒಳಗಿನ ಗೇರು ಸವೆದಿದೆ. ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಸಂದುಗಳು ಸಡಿಲವಿರಬಾರದು. ಮುಂದಿನ ಚಕ್ರದ ಹಿಂಬದಿಯ ಗುಂಡಿನಿಂದ ಗ್ರೀಸೂ ಆಯಿಲೂ ಸೋರುತ್ತಿದ್ದರೆ ಸೀಲುಗಳ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರಬೇಕು. ಇಲ್ಲದಿದ್ದರೆ ನಾಲ್ಕು ಚಕ್ರದ ಬಲವೇ ಗೇರುಗಳನ್ನು ತಿನ್ನುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದಿರಿ. 3219 ಎಂದಿದ್ದರೆ 2019ರ 32ನೆಯ ವಾರದಲ್ಲಿ ತಯಾರಾದದ್ದು.

ವಾಹನ ಗಟ್ಟಿಯಿದ್ದೂ ಕಾಗದ ಟೊಳ್ಳಾದರೆ ಹಣ ನೀರುಪಾಲು. ಛಾಸಿಯ ಮೇಲೆ ಕೊರೆದ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಆರ್.ಸಿ.ಯೊಡನೆ ಒಂದೊಂದು ಅಂಕಿಯಾಗಿ ಹೋಲಿಸಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆ ಮೇಲೆ ಯೋಗ್ಯತಾ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನವೀಕರಣದ ಕೇಂದ್ರ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ಮೀರಿದವುಗಳಿಗೆ 2025ರಲ್ಲಿ ಇನ್ನೂ ಹೆಚ್ಚಿಸಲಾಯಿತು. ರಾಜ್ಯದ ಹಸಿರು ತೆರಿಗೆ ಬೇರೆ. ಬ್ಯಾಂಕಿನ ಸಾಲ ತೀರಿರುವುದಕ್ಕೆ 35ನೆಯ ನಮೂನೆ, ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳು ಬೇಕು. ಕೊಂಡವರು 30 ದಿನಗಳೊಳಗೆ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು, ವಿಮೆಯನ್ನು 14 ದಿನಗಳೊಳಗೆ ವರ್ಗಾಯಿಸಿಕೊಳ್ಳಲು ಕೇಳಬೇಕು. ಮಾರಿದವರ ಹೆಸರಿನಲ್ಲಿಯೇ ಓಡಿಸುತ್ತಿದ್ದು ಅಪಘಾತವಾದರೆ ಎರಡು ಮನೆಗಳೂ ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು.

ಗಡಿಯ ಸೀಮೆಯಾದ್ದರಿಂದ ಆಂಧ್ರದ ಸಂಖ್ಯೆಯ ಜೀಪುಗಳು ಇಲ್ಲಿ ಸುಲಭವಾಗಿ ಕೈಗೆ ಸಿಗುತ್ತವೆ. ದಿಲ್ಲಿಯ ಕಡೆಯವೂ ಬಂದಿವೆ. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹೇರಿದ ತರುವಾಯ ಎಷ್ಟೋ ವಾಹನಗಳು ಬೇರೆ ರಾಜ್ಯಗಳಿಗೆ ಮಾರಾಟವಾದವು. ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರವಿಲ್ಲದೆ ಇವುಗಳನ್ನು ಮುಟ್ಟಬಾರದು. ನಮ್ಮ ರಾಜ್ಯದ ತೆರಿಗೆಯನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಸರ್ಕಾರಿ ಹರಾಜಿನ ಜೀಪೆಂದು ಅಗ್ಗಕ್ಕೆ ಆಸೆಪಡುವವರೂ ಉಂಟು. ಆದರೆ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ, ಅವು ಗುಜರಿಗೇ ಹೋಗಬೇಕಾದವು. ಛಾಸಿ ಕತ್ತರಿಸಿ ಗಿಡ್ಡ ಮಾಡಿದ, ಬೇರೆ ಕಂಪನಿಯ ಎಂಜಿನ್ ಕೂರಿಸಿದ ಜೀಪುಗಳಿಂದಲೂ ದೂರವಿರುವುದು ಲೇಸು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಕೊನೆಯದಾಗಿ ಹಣದ ಮಾತು. ಕೈಯಲ್ಲಿ ನಾಲ್ಕು ರೂಪಾಯಿ ಇದ್ದರೆ ಮೂರನ್ನು ಮಾತ್ರ ವಾಹನಕ್ಕೆ ಕೊಡಬೇಕು. ನಾಲ್ಕನೆಯದು ಬ್ರೇಕು, ಟೈರು, ಸೀಲು, ಕಾಗದಗಳಿಗೆ. ಹಳೆಯ ವಾಹನ ಮೊದಲ ಆರು ತಿಂಗಳಲ್ಲಿ ಈ ನಾಲ್ಕನೆಯ ರೂಪಾಯಿಯನ್ನು ಕೇಳಿಯೇ ಕೇಳುತ್ತದೆ. ಬೆಳೆಯ ಹಣದಿಂದ ಮುಂದೆ ತುಂಬುತ್ತೇವೆಂಬ ಭರವಸೆಯ ಮೇಲೆ ಮಾತ್ರ ಕೊಳ್ಳಬಾರದು. ಟೊಮ್ಯಾಟೊ ಬೆಲೆಯನ್ನು ನಂಬಿ ಕೆಟ್ಟವರನ್ನು ಈ ಸೀಮೆಯಲ್ಲಿ ನಾವು ತೋರಿಸಬೇಕಾಗಿಲ್ಲ.

ಆ ದಿನ ಮನೆಗೆ ಮರಳಿ ಮಜ್ಜಿಗೆ ಕುಡಿಯುತ್ತ ಕುಳಿತಾಗ ತಂದೆ ಮಗ ಇಬ್ಬರೂ ತಾಯಿಯ ಮುಖವನ್ನೇ ನೋಡಿದರು. ಅವರು ಒಳಗೆ ಹೋಗಿ ಎರಡು ಬಳೆಗಳನ್ನು ತಂದು ಮಗನ ಮುಂದಿಟ್ಟರು. “ಇನ್ನೆರಡು ತಂಗಿಯವು. ಇಷ್ಟರಲ್ಲಿ ಬರೋದಾದರೆ ಆ ಮಾಸಿದ ಜೀಪು ತಗೊ. ಟ್ರೇಲರು ಮುಂದಿನ ವರ್ಷ ನೋಡೋಣ,” ಎಂದರು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ ಅಮ್ಮ. ಟ್ರೇಲರ್ ಇಲ್ಲದೆ ಹನ್ನೆರಡರಂತೆ ಹೊತ್ತರೆ ನಾಲ್ಕು ಸಲ ಆಗುತ್ತೆ, ಅಷ್ಟೇ ತಾನೆ,” ಎಂದ.

ಮೊನ್ನೆ ಅವರಿಂದ ಎರಡನೆಯ ಪತ್ರ ಬಂದಿದೆ. ಆರ್.ಸಿ. ತಮ್ಮ ಹೆಸರಿಗೆ ಬಂದಿತೆಂದೂ, ಮುಂದಿನ ಸೀಲುಗಳನ್ನೂ ಬ್ರೇಕಿನ ಲೈನಿಂಗನ್ನೂ ಹೊಸದಾಗಿ ಹಾಕಿಸಿದೆವೆಂದೂ, ಮಳೆ ಬಂದ ದಿನ ಜೀಪು ಹಳ್ಳವನ್ನು ದಾಟಿತೆಂದೂ ತಾಯಿ ಬರೆದಿದ್ದಾರೆ. ಜೀಪಿಗೆ ಬಣ್ಣ ಹೊಡೆಸಬೇಕೆಂದು ಮಗ ಕೇಳುತ್ತಿದ್ದಾನಂತೆ. ಮಗಳ ಕಾಲೇಜಿನ ಶುಲ್ಕ ಕಟ್ಟಿದ ಮೇಲೆ ನೋಡೋಣವೆಂದು ಅವರು ಹೇಳಿದ್ದಾರೆ. ನಮ್ಮ ಅಭಿಪ್ರಾಯವೂ ಅದೇ.